ಕಾಂಟೆಸಾಗೆ ಕ್ವಾಲಿಸ್ ಎಂಜಿನ್ ಕೂರಿಸಲೇ?

ಪ್ರಶ್ನೆ: ಸರ್, ನನಗೆ 29 ವರ್ಷ. ಮನೆ ಚನ್ನಪಟ್ಟಣದಲ್ಲಿ, ಕೆಲಸ ಬಿಡದಿಯ ಕಾರ್ಖಾನೆಯೊಂದರಲ್ಲಿ. ಹೋದ ವರ್ಷ ನಮ್ಮ ಚಿಕ್ಕಪ್ಪ ತೀರಿಕೊಂಡರು. ಅವರ 1995ರ ಪೆಟ್ರೋಲ್ ಕಾಂಟೆಸಾ ಕ್ಲಾಸಿಕ್ ಕಾರನ್ನು ಚಿಕ್ಕಮ್ಮ ನನಗೇ ಇಟ್ಟುಕೋ ಅಂದಿದ್ದಾರೆ. ಅವರಿಗೆ ಮಕ್ಕಳಿಲ್ಲ. ಕಾರು ನಾಲ್ಕು ವರ್ಷ ರೇಷ್ಮೆ ಮನೆಯ ಪಕ್ಕದ ಶೆಡ್ಡಿನಲ್ಲಿ ನಿಂತಿತ್ತು. ಈಗ ಸ್ಟಾರ್ಟ್ ಆಗುತ್ತದೆ, ಆದರೆ ಹೊಗೆ ವಿಪರೀತ, ಪಿಕಪ್ ಇಲ್ಲ. ರಾಮನಗರದ ಮೆಕ್ಯಾನಿಕ್ ‘ಈ ಎಂಜಿನ್ ಮುಗೀತು, ಕ್ವಾಲಿಸ್ ಡೀಸೆಲ್ ಎಂಜಿನ್ ಕೂರಿಸೋಣ, ಇನ್ನು ಇಪ್ಪತ್ತು ವರ್ಷ ತಿರುಗಿ ನೋಡೋದು ಬೇಡ’ ಎನ್ನುತ್ತಾರೆ. ಬೆಂಗಳೂರಿನ ಗೆಳೆಯ ಜಪಾನಿನಿಂದ ಬಂದ ಹಾಫ್ ಕಟ್‌ನಿಂದ (ಅರ್ಧಕ್ಕೆ ಕತ್ತರಿಸಿದ ಹಳೇ ಕಾರಿನಿಂದ) ಆರು ಸಿಲಿಂಡರಿನ ಟರ್ಬೊ ಎಂಜಿನ್ ಹಾಕಿಸು, ನಿಜವಾದ ಸ್ಪೋರ್ಟ್ಸ್ ಕಾರ್ ಆಗುತ್ತೆ ಎನ್ನುತ್ತಾನೆ. ಅಪ್ಪ ಗುಜರಿಗೆ ಕೊಡು ಎನ್ನುತ್ತಾರೆ. ಹೆಂಡತಿ ಕೂಡಿಟ್ಟ ಮೂರು ಲಕ್ಷದಲ್ಲಿ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ತಗೊಳ್ಳೋಣ ಎನ್ನುತ್ತಾಳೆ. ಆರ್‌ಸಿ ಇನ್ನೂ ಚಿಕ್ಕಪ್ಪನ ಹೆಸರಲ್ಲೇ ಇದೆ, ಅವಧಿಯೂ ಮುಗಿದಿದೆ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?
— ಹೆಸರು ಬೇಡ, ಚನ್ನಪಟ್ಟಣ

ಉತ್ತರ: ಕ್ವಾಲಿಸ್ ಎಂಜಿನ್ನೂ ಬೇಡ, ಹಾಫ್ ಕಟ್ಟೂ ಬೇಡ, ಗುಜರಿಯಂತೂ ಬೇಡವೇ ಬೇಡ. ಇಷ್ಟು ಮೊದಲೇ ಹೇಳಿಬಿಟ್ಟರೆ ಇವತ್ತು ರಾತ್ರಿಯಾದರೂ ನೀವು ನಿದ್ದೆ ಮಾಡಬಹುದು. ಕಾರಣಗಳನ್ನು ನಾಳೆ ಬೆಳಿಗ್ಗೆ ಕಾಫಿ ಕುಡಿಯುತ್ತಾ ಓದಿ.

ನಿಮ್ಮ ಮೆಕ್ಯಾನಿಕ್ ಮೋಸ ಮಾಡುತ್ತಿದ್ದಾರೆ ಎಂದು ನನಗನ್ನಿಸುವುದಿಲ್ಲ. ಅವರ ಅನುಭವ ಜೀಪಿನದು. ಕನಕಪುರದ ಕಡೆ, ಮಾಗಡಿಯ ಕಡೆ ತೋಟಕ್ಕೂ ಸಂತೆಗೂ ಓಡಾಡುವ ಹಳೇ ಜೀಪುಗಳ ಬಾನೆಟ್ ಎತ್ತಿ ನೋಡಿ, ಹುಟ್ಟಿದಾಗಿನ ಪೆಟ್ರೋಲ್ ಎಂಜಿನ್ ಸಿಕ್ಕರೆ ನಿಮ್ಮ ಅದೃಷ್ಟ. ಜೀಪಿಗೆ ಏಣಿಯಂಥ ಪ್ರತ್ಯೇಕ ಚಾಸಿಸ್ ಇದೆ, ಬಾನೆಟ್ಟಿನ ಒಳಗೆ ಕೈ ಆಡಿಸಲು ಜಾಗವಿದೆ. ಅದು ಓಡುವ ವೇಗದಲ್ಲಿ ತೂಕ ಅಷ್ಟಿಷ್ಟು ಮುಂದಕ್ಕೆ ಸರಿದರೂ ಯಾರಿಗೂ ಗೊತ್ತಾಗುವುದಿಲ್ಲ. ಮಹೀಂದ್ರ ಕಂಪನಿಯೇ ತನ್ನ ಜೀಪುಗಳಿಗೆ ಮುಂದೆ ಪ್ಯೂಜೊ ಡೀಸೆಲ್ ಎಂಜಿನ್ ಕೊಟ್ಟಿತು. ಹಾಗಾಗಿ ಜೀಪಿನ ವಿಷಯದಲ್ಲಿ ಈ ಕಸುಬು ನಮ್ಮ ಭಾಗದ ಗ್ಯಾರೇಜುಗಳಿಗೆ ಕೈಗೂಡಿದೆ. ಕಾಂಟೆಸಾ ಜೀಪಲ್ಲ. ಅದಕ್ಕೆ ಬೇರೆ ಚಾಸಿಸ್ಸೇ ಇಲ್ಲ, ಬಾಡಿಯೇ ಅದರ ಬೆನ್ನೆಲುಬು. ಎಂಜಿನ್ ಕೂರಲಿಲ್ಲ ಎಂದು ಅಲ್ಲಿ ಕತ್ತರಿಸಿ ಇಲ್ಲಿ ವೆಲ್ಡಿಂಗ್ ಹೊಡೆದರೆ ಆ ಬೆನ್ನೆಲುಬಿಗೇ ಕೈ ಹಾಕಿದ ಹಾಗೆ. ಹೊಸ ಮೌಂಟಿಂಗಿನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಬಿಡುವುದು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ದುಡ್ಡು ಕೊಟ್ಟು ಮುಗಿದಿರುತ್ತದೆ.

ಸ್ಪೋರ್ಟ್ಸ್ ಕಾರು ಎಂಬ ಪದಾರ್ಥ ನಮ್ಮ ದೇಶದಲ್ಲಿ ಹೆಚ್ಚು ತಯಾರಾಗಲಿಲ್ಲ. ಎಂಬತ್ತು–ತೊಂಬತ್ತರ ದಶಕದಲ್ಲಿ ಆ ಆಸೆಯನ್ನು ಅಷ್ಟೋ ಇಷ್ಟೋ ತೀರಿಸಿದ್ದು ನಿಮ್ಮ ಶೆಡ್ಡಿನಲ್ಲಿರುವ ಕಾರೇ. ಉದ್ದ ಮೂತಿ, ಹಿಂದಿನ ಚಕ್ರಕ್ಕೆ ಶಕ್ತಿ, ಅಗಲವಾದ ಮೈಕಟ್ಟು. ಇದರ ಬಾಡಿ 1972ರಲ್ಲಿ ಬ್ರಿಟನ್ನಿನಲ್ಲಿ ಬಂದ ವಾಕ್ಸ್‌ಹಾಲ್ ವಿಕ್ಟರ್ ಎಫ್‌ಇ. ಹಿಂದೂಸ್ತಾನ್ ಮೋಟರ್ಸ್ 1984ರಲ್ಲಿ ಇದನ್ನು ಇಲ್ಲಿಗೆ ತಂದಾಗ ಒಳಗೆ ಕೂರಿಸಿದ್ದು ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನು. ಆ ದೊಡ್ಡ ದೇಹವನ್ನು ಎಳೆಯಲು ಅದಕ್ಕೆ ದಮ್ಮೇ ಸಾಲಲಿಲ್ಲ. ಕೆಲ ವರ್ಷಗಳ ನಂತರ ಇಸುಜು ಕಂಪನಿಯ 1817 ಸಿ.ಸಿ. ಪೆಟ್ರೋಲ್ ಎಂಜಿನ್ನೂ ಐದು ಗೇರಿನ ಬಾಕ್ಸೂ ಬಂದ ಮೇಲೆಯೇ ಕಾಂಟೆಸಾ ಕ್ಲಾಸಿಕ್ ಎಂಬ ಹೆಸರಿಗೆ ಒಂದು ಮರ್ಯಾದೆ ಬಂತು. ಅಂದರೆ ಎಂಜಿನ್ ಬದಲಾವಣೆಯ ಲಾಭವೂ ನಷ್ಟವೂ ಈ ಕಾರಿನ ಚರಿತ್ರೆಯಲ್ಲೇ ಇದೆ. ಮೊದಲನೆಯ ಸಲ ಕೈಗೆ ಸಿಕ್ಕ ಎಂಜಿನ್ ತುರುಕಿದರು, ಕಾರು ಸೊರಗಿತು. ಎರಡನೆಯ ಸಲ ಕಾರ್ಖಾನೆಯ ಎಂಜಿನಿಯರುಗಳು ಎಂಜಿನ್ನಿನ ಜೊತೆಗೆ ಗೇರ್‌ಬಾಕ್ಸನ್ನೂ ತಂದು ಹೊಂದಿಸಿದರು, ಕಾರು ಗೆದ್ದಿತು. ನಿಮ್ಮ ಬಳಿ ಇರುವುದು ಆ ಗೆದ್ದ ಜೋಡಿ. ಅದನ್ನು ಮುರಿಯಬೇಡಿ ಎನ್ನುವುದು ನನ್ನ ವಾದದ ತಿರುಳು.

ಕಾರ್ಖಾನೆಯವರೇ ಮಾಡಿದರೂ ಈ ಕೆಲಸ ಹೇಗೆ ಕೆಡಬಹುದು ಎಂಬುದಕ್ಕೆ ಸ್ಟ್ಯಾಂಡರ್ಡ್ 2000ಕ್ಕಿಂತ ಒಳ್ಳೆಯ ಪಾಠವಿಲ್ಲ. ಬ್ರಿಟನ್ನಿನ ರೋವರ್ ಎಸ್‌ಡಿ1 ಎಂಬ ಕಾರು 1976ರಲ್ಲಿ ಬಂದಾಗ ಅದರೊಳಗಿದ್ದದ್ದು 3.5 ಲೀಟರಿನ ಅಲ್ಯೂಮಿನಿಯಂ ವಿ8 ಎಂಜಿನ್. ಮರುವರ್ಷದ ಯುರೋಪಿನ ಕಾರು ಎಂಬ ಪ್ರಶಸ್ತಿಯೂ ಅದಕ್ಕೆ ಸಿಕ್ಕಿತು. ಅದೇ ಬಾಡಿಯನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಕಂಪನಿ 1985ರಲ್ಲಿ ನಮ್ಮ ಮಾರುಕಟ್ಟೆಗೆ ತಂದಿತು. ವಿ8 ಜಾಗದಲ್ಲಿ ಕೂರಿಸಿದ್ದು 1940ರ ದಶಕದ ವ್ಯಾನ್‌ಗಾರ್ಡ್ ಕಾರಿನ ವಂಶದ ಎರಡು ಲೀಟರ್ ಎಂಜಿನ್. ಹೊರಗೆ ನೋಡಿದರೆ ವಿಮಾನ, ಆಕ್ಸಿಲರೇಟರ್ ಒತ್ತಿದರೆ ಏನೂ ಇಲ್ಲ, ಪೆಟ್ರೋಲು ಮಾತ್ರ ಧಾರಾಳವಾಗಿ ಹೀರುತ್ತಿತ್ತು. ಮೂರು ವರ್ಷದಲ್ಲಿ ತಯಾರಿಕೆ ನಿಂತಿತು. ಚೆಲುವಾದ ಬಾಡಿಯೊಂದಕ್ಕೆ ಹೊಂದದ ಎಂಜಿನ್ ಹಾಕಿದರೆ ಏನಾಗುತ್ತದೆಂದು ಕೋಟಿಗಟ್ಟಲೆ ಖರ್ಚು ಮಾಡಿ ಯಾರೋ ಈಗಾಗಲೇ ತೋರಿಸಿದ್ದಾರೆ. ನೀವು ಮೂರು ಲಕ್ಷ ಹಾಕಿ ಮತ್ತೆ ತೋರಿಸಬೇಕಿಲ್ಲ.

ಶಕ್ತಿ ಹೆಚ್ಚಿಸಿದರೂ ಇದೇ ಗತಿ ಆಗಬಹುದು. ಬ್ರಿಟನ್ನಿನ ಎಂಜಿಬಿ ಹಗುರವಾದ, ಚುರುಕಾದ ಸ್ಪೋರ್ಟ್ಸ್ ಕಾರು. 1967ರಲ್ಲಿ ಕಂಪನಿ ಅದೇ ಬಾಡಿಗೆ ಆರು ಸಿಲಿಂಡರಿನ, ಸುಮಾರು 95 ಕೆ.ಜಿ. ಹೆಚ್ಚು ತೂಗುವ ಎಂಜಿನ್ ಹಾಕಿ ಎಂಜಿಸಿ ಎಂದು ಮಾರಿತು. ಮುಂದಿನ ಸಸ್ಪೆನ್ಶನ್ನನ್ನೇ ಹೊಸದಾಗಿ ಕಟ್ಟಿದರೂ ಮೂತಿ ಭಾರವಾದ ಕಾರು ತಿರುವಿನಲ್ಲಿ ಹಳೆಯ ಚುರುಕು ತೋರಲಿಲ್ಲ. ಪತ್ರಿಕೆಗಳು ಟೀಕಿಸಿದವು, 1969ಕ್ಕೇ ಅದು ನಿಂತಿತು. ನೇರ ರಸ್ತೆಯಲ್ಲಿ ಎಂಜಿಸಿ ವೇಗವಾಗಿತ್ತು ಎಂಬುದು ನಿಜ. ಆದರೆ ಸ್ಪೋರ್ಟ್ಸ್ ಕಾರನ್ನು ಯಾರೂ ನೇರ ರಸ್ತೆಗಾಗಿ ಪ್ರೀತಿಸುವುದಿಲ್ಲ, ಸಾವನದುರ್ಗದ ಸುತ್ತಿನ ರಸ್ತೆಯಂಥ ತಿರುವುಗಳಿಗಾಗಿ ಪ್ರೀತಿಸುತ್ತಾರೆ.

ಈಗ ಕ್ವಾಲಿಸ್ ಎಂಜಿನ್ನಿನ ಲೆಕ್ಕ. ಪಿಕಪ್ ಇಲ್ಲ ಎನ್ನುವುದು ನಿಮ್ಮ ದೂರು ತಾನೇ? ಒಳ್ಳೆಯ ಸ್ಥಿತಿಯ ಇಸುಜು 1.8 ಎಂಜಿನ್ 90ರ ಹತ್ತಿರ ಅಶ್ವಶಕ್ತಿ ಕೊಡುತ್ತದೆ. ಕ್ವಾಲಿಸಿನ 2.4 ಲೀಟರ್ ಡೀಸೆಲ್ಲಿಗೆ ಟರ್ಬೊ ಇಲ್ಲ, ಅದು ಕೊಡುವುದು ಸುಮಾರು 75. ಗಟ್ಟಿ ಎಂಜಿನ್, ಒಪ್ಪಿದೆ. ನಮ್ಮ ಮ್ಯಾಕ್ಸಿಕ್ಯಾಬಿನವರು ಅದನ್ನು ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸಿದ್ದಾರೆ. ಸಮಸ್ಯೆಯೂ ಅದೇ. ನೀವು ಕೆಲಸಕ್ಕೆ ಹೋಗುವ ಬಿಡದಿಯಲ್ಲೇ ಟೊಯೋಟಾದವರು ಕ್ವಾಲಿಸ್ ಮಾಡಿದ್ದು 2000ದಿಂದ 2005ರ ಆರಂಭದವರೆಗೆ. ಇವತ್ತು ಸಿಗುವ ಅತಿ ಹೊಸ ಕ್ವಾಲಿಸ್ ಎಂಜಿನ್ನಿಗೂ ಇಪ್ಪತ್ತು ದಾಟಿದೆ. ನಾಲ್ಕು ವರ್ಷ ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದ ಎಂಜಿನ್ ತೆಗೆದು, ಇಪ್ಪತ್ತು ವರ್ಷ ದುಡಿದು ಸುಸ್ತಾದ ಎಂಜಿನ್ ಹಾಕುವುದು ಯಾವ ಲೆಕ್ಕ?

ಡೀಸೆಲ್ ಎಂಜಿನ್ ಭಾರ. ಮುಂದಿನ ಸ್ಪ್ರಿಂಗು ಕುಸಿಯುತ್ತದೆ, ಸ್ಟೀರಿಂಗ್ ತೂಕವಾಗುತ್ತದೆ, ಟೈರಿನ ಅಂಚು ಸವೆಯುತ್ತದೆ. ಹಿಂದಿನ ಆಕ್ಸಲ್ಲಿನ ಕ್ರೌನ್–ಪಿನಿಯನ್ ಹಲ್ಲಿನ ಲೆಕ್ಕ ಪೆಟ್ರೋಲ್ ಎಂಜಿನ್ನಿನ ಸುತ್ತಿಗೆ ಹೊಂದಿಸಿದ್ದು. ಡೀಸೆಲ್ಲಿನ ಏದುಸಿರು ಅದಕ್ಕಿಂತ ಬೇಗ ಶುರುವಾಗುವುದರಿಂದ ಹೆದ್ದಾರಿಯಲ್ಲಿ ಕಾರು ಅರಚುತ್ತದೆಯೇ ಹೊರತು ಓಡುವುದಿಲ್ಲ. ಬೇರೆ ಗೇರ್‌ಬಾಕ್ಸ್ ಬಂದರೆ ಶಾಫ್ಟನ್ನು ಕತ್ತರಿಸಬೇಕು ಇಲ್ಲವೇ ಜೋಡಿಸಬೇಕು. ಬ್ಯಾಲೆನ್ಸಿಂಗ್ ಸರಿಯಾಗದಿದ್ದರೆ, ಕೋನ ತಪ್ಪಿದರೆ ಒಂದು ವೇಗ ದಾಟಿದ ಕೂಡಲೇ ಸೀಟಿನಡಿ ನಡುಕ. ಸಂಪ್ ಕೆಳಗಿನ ಅಡ್ಡಪಟ್ಟಿಗೆ ತಾಗುವುದು, ರೇಡಿಯೇಟರಿಗೂ ಫ್ಯಾನಿಗೂ ಬೆರಳು ತೂರದಷ್ಟು ಜಾಗ ಉಳಿಯುವುದು, ಸ್ಪೀಡೋಮೀಟರ್ ಕೇಬಲ್ ಹೊಂದದೆ ಮುಳ್ಳು ಸತ್ತು ಕೂರುವುದು, ಇವೆಲ್ಲ ಸಣ್ಣಪುಟ್ಟ ಬಳುವಳಿ.

ಸಣ್ಣದಲ್ಲದ್ದು ಬ್ರೇಕು. ಇದನ್ನು ದಯವಿಟ್ಟು ಎರಡು ಸಲ ಓದಿ. ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ನಿನಿಂದ ಸಿಗುವ ನಿರ್ವಾತದಿಂದ. ಪೆಟ್ರೋಲ್ ಎಂಜಿನ್ನಿನಲ್ಲಿ ಕಾರ್ಬ್ಯುರೇಟರಿನ ಚಿಟ್ಟೆ ಬಾಗಿಲು ಮುಚ್ಚಿದಾಗ ಮ್ಯಾನಿಫೋಲ್ಡಿನಲ್ಲಿ ಅದು ತಾನಾಗಿ ಹುಟ್ಟುತ್ತದೆ. ಇಂಥ ಹಳೇ ಡೀಸೆಲ್ಲಿನಲ್ಲಿ ಆ ಬಾಗಿಲೇ ಇಲ್ಲ. ಅದಕ್ಕೇ ಡೀಸೆಲ್ ಗಾಡಿಗಳಿಗೆ ಬೇರೆ ವ್ಯಾಕ್ಯೂಮ್ ಪಂಪ್ ಇರುತ್ತದೆ, ಕ್ವಾಲಿಸಿನಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿದೆ. ಜಾಗ ಸಾಲಲಿಲ್ಲವೆಂದು ಯಾರಾದರೂ ಆಲ್ಟರ್ನೇಟರ್ ಬದಲಿಸಿದರೆ, ಅಥವಾ ಪಂಪಿನ ಎಣ್ಣೆ ಪೈಪನ್ನು ಸರಿಯಾಗಿ ಕೊಡದಿದ್ದರೆ, ಕಾರು ಚೆನ್ನಾಗಿಯೇ ಓಡುತ್ತದೆ. ನಿಲ್ಲಿಸುವಾಗ ಮಾತ್ರ ಪೆಡಲ್ ಕಲ್ಲಾಗಿರುತ್ತದೆ. ಹೆಚ್ಚಿದ ಭಾರ, ಕಡಿಮೆಯಾದ ಬ್ರೇಕು, ಎದುರಿಗೆ ಕೆಂಗಲ್ಲಿನ ಜಂಕ್ಷನ್. ಎಂಜಿನ್ ಬದಲಿಸಿದ ಹಳೇ ಕಾರುಗಳ ಬಗ್ಗೆ ನನಗಿರುವ ಭಯವೆಲ್ಲ ಈ ಒಂದು ಚಿತ್ರದಲ್ಲಿದೆ.

ಇನ್ನು ಗೆಳೆಯನ ಹಾಫ್ ಕಟ್. ಆತ ಹೇಳುತ್ತಿರುವುದು ಟೊಯೋಟಾದ 1ಜೆಝೆಡ್ ವಂಶದ ಎಂಜಿನ್ ಇರಬೇಕು. ಎರಡೂವರೆ ಲೀಟರ್, ಟರ್ಬೊ, ಜಪಾನಿನ ಲೆಕ್ಕದಲ್ಲಿ 280 ಅಶ್ವಶಕ್ತಿ. ‘ವಾಕ್ಸ್‌ಹಾಲ್‌ನವರೇ ಇದೇ ಬಾಡಿಯಲ್ಲಿ 3.3 ಲೀಟರಿನ ಆರು ಸಿಲಿಂಡರ್ ಕೊಟ್ಟಿದ್ದರಲ್ಲ’ ಎಂದೂ ಆತ ವಾದಿಸಬಹುದು. ಕೊಟ್ಟಿದ್ದರು, ವೆಂಟೋರಾ ಅಂತ. ಆದರೆ ಅದರ ಶಕ್ತಿ ಇದರ ಅರ್ಧವೂ ಇರಲಿಲ್ಲ. ನಿಮ್ಮ ಕಾರಿನ ಆಕ್ಸಲ್, ಬ್ರೇಕ್, ಸ್ಟೀರಿಂಗ್ ಎಲ್ಲ 90ರ ಸುತ್ತಮುತ್ತಲಿನ ಶಕ್ತಿಯನ್ನು ತಾಳಿಕೊಳ್ಳಲು ಹೊಂದಿಸಿದವು. ಮೂರು ಪಟ್ಟು ಶಕ್ತಿ ತಂದರೆ ಎಂಜಿನ್ ಬಿಟ್ಟು ಉಳಿದದ್ದನ್ನೆಲ್ಲ ಬದಲಿಸಬೇಕು. ಕಾರ್ಬ್ಯುರೇಟರ್ ಕಾರಿನ ಟ್ಯಾಂಕಿಗೆ ಹೊಸ ಪಂಪು, ವಾಪಸು ಪೈಪು, ಸೆನ್ಸರುಗಳಿಗೆ ಹೊಸ ವೈರಿಂಗು, ಎಂಜಿನ್ನಿನ ಕಂಪ್ಯೂಟರು. ಮೂರು ಲಕ್ಷ ಎಲ್ಲಿಗೂ ಸಾಲುವುದಿಲ್ಲ. ಇಂಥ ಕೆಲಸಗಳಲ್ಲಿ ಹೆಚ್ಚಿನವು ಅರ್ಧಕ್ಕೆ ನಿಲ್ಲುತ್ತವೆ. ಗ್ಯಾರೇಜಿನ ಹಿಂದೆ ಟಾರ್ಪಾಲಿನ್ ಹೊದ್ದು, ಎಂಜಿನ್ ಇಲ್ಲದ ಮೂತಿ ಮೇಲಕ್ಕೆತ್ತಿಕೊಂಡು, ಮಳೆಗೆ ತುಕ್ಕು ಹಿಡಿಯುತ್ತಾ ನಿಂತ ಕಾರುಗಳನ್ನು ನೀವೂ ನೋಡಿರುತ್ತೀರಿ. ಅವುಗಳ ಮಾಲೀಕರೂ ಒಂದು ಕಾಲಕ್ಕೆ ನಿಮ್ಮಷ್ಟೇ ಉತ್ಸಾಹದಲ್ಲಿದ್ದವರು.

ಅಷ್ಟು ಶಕ್ತಿ ತಂದು ಓಡಿಸುವುದಾದರೂ ಎಲ್ಲಿ? ಮನೆಮುಂದಿನ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಮಿತಿ ಗಂಟೆಗೆ 100 ಕಿ.ಮೀ., ಮೇಲೆ ಕ್ಯಾಮೆರಾ ಕಣ್ಣು. 130 ದಾಟಿದರೆ ಎಫ್‌ಐಆರ್ ಎಂದು ರಾಜ್ಯದ ಪೊಲೀಸರು 2024ರ ಆಗಸ್ಟ್‌ನಿಂದ ಜಾರಿಗೆ ತಂದಿದ್ದಾರೆ. ಆರೋಗ್ಯವಾಗಿರುವ ಇಸುಜು ಎಂಜಿನ್ 100ರಲ್ಲಿ ಐದನೇ ಗೇರಿನಲ್ಲಿ ಆರಾಮಾಗಿ ಹೋಗುತ್ತದೆ.

ಕಾನೂನಿಗೆ ಬರೋಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್ನಿನಲ್ಲಿ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸಿಎನ್‌ಜಿ, ಬ್ಯಾಟರಿಗಳಿಗೆ ಅನುಮೋದಿತ ಕಿಟ್ಟಿನ ದಾರಿ ಇದೆ. ಪೆಟ್ರೋಲ್ ಕಾರಿಗೆ ಇನ್ನೊಂದು ಕಂಪನಿಯ ಡೀಸೆಲ್ ಎಂಜಿನ್ ಕೂರಿಸುವುದಕ್ಕೆ ಆ ದಾರಿ ಇಲ್ಲ. ‘ಯಾರು ನೋಡ್ತಾರೆ ಬಿಡಿ’ ಎಂದು ಮೆಕ್ಯಾನಿಕ್ ಹೇಳಬಹುದು. ನೋಡುತ್ತಾರೆ. ನಿಮ್ಮ ಆರ್‌ಸಿ ನವೀಕರಣ ಬಾಕಿ ಇದೆ. ಕಾರನ್ನು ರಾಮನಗರ ಆರ್‌ಟಿಒಗೆ ಒಯ್ದಾಗ ಇನ್‌ಸ್ಪೆಕ್ಟರು ಮೊದಲು ಹುಡುಕುವುದೇ ಎಂಜಿನ್ ನಂಬರ್ ಮತ್ತು ಚಾಸಿಸ್ ನಂಬರ್. (ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತಾಯಿತು, ಆದರೆ ಕೆಎ–42 ಹಾಗೇ ಇದೆ, ಕಾನೂನೂ ಹಾಗೇ ಇದೆ.) ಇನ್ನು ಗುಜರಿಯಿಂದ ಬಂದ ಎಂಜಿನ್ನಿಗೆ ಬಿಲ್ಲು, ದಾಖಲೆ ಇಲ್ಲದಿದ್ದರೆ ಅದು ಯಾವ ಗಾಡಿಯಿಂದ ಕಳಚಿದ್ದೋ, ಆ ಗಾಡಿ ಯಾರದೋ. ಕಳ್ಳತನದ ಗಾಡಿಯದಾದರೆ ಠಾಣೆಯಲ್ಲಿ ಕೂರುವವರು ನೀವು. ಅಪಘಾತವಾದರೆ ವಿಮಾ ಕಂಪನಿಗೆ ನಿಮ್ಮ ಕ್ಲೇಮ್ ತಳ್ಳಿಹಾಕಲು ಇದಕ್ಕಿಂತ ಸುಲಭದ ಕಾರಣ ಬೇಕಿಲ್ಲ. ಎದುರಿನವರಿಗೆ ಕೊಟ್ಟ ಪರಿಹಾರವನ್ನೂ ನಿಮ್ಮಿಂದ ವಸೂಲು ಮಾಡಲು ಹೊರಡಬಹುದು.

ಬೆಲೆಯ ಮಾತೂ ಇದೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಎಂಜಿನ್ ಮೂಲದಲ್ಲಿ ಇದ್ದಂತೆಯೇ ಇರಬೇಕು. ನಿಮ್ಮ ಕಾರಿಗೆ 50 ತುಂಬುವುದು 2045ರಲ್ಲಿ, ಆಗ ನಿಮಗೆ ಐವತ್ತರ ಹತ್ತಿರ. ದೂರದ ಮಾತು ಅನ್ನಿಸಬಹುದು. ಕಾಂಟೆಸಾ ತಯಾರಿಕೆ 2002ರಲ್ಲೇ ನಿಂತಿದೆ, ಉಳಿದಿರುವ ಕಾರುಗಳು ವರ್ಷವರ್ಷಕ್ಕೂ ಕಡಿಮೆಯಾಗುತ್ತಿವೆ. ಈಗಲೂ ಬೆಲೆ ತಿಳಿದು ಕಾರು ಕೊಳ್ಳುವವರು ಮೊದಲು ಕೇಳುವುದು ‘ಒರಿಜಿನಲ್ ಎಂಜಿನ್ನಾ?’ ಎಂದೇ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಕಾಗದ. ಮಾಲೀಕರು ತೀರಿಕೊಂಡ ಮೂರು ತಿಂಗಳೊಳಗೆ ವಾರಸುದಾರರು ಫಾರ್ಮ್ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕಿತ್ತು, ಅದು ದಾಟಿದೆ. ದಂಡ ಕಟ್ಟಿ ಮುಗಿಸಿ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ಆರ್‌ಸಿ ಮೊದಲು ಚಿಕ್ಕಮ್ಮನ ಹೆಸರಿಗೆ ಬರಲಿ, ಅಲ್ಲಿಂದ ನಿಮ್ಮ ಹೆಸರಿಗೆ. ಬಾಯಿಮಾತಿನಲ್ಲಿ ಕೊಟ್ಟ ಕಾರಿಗೆ ನಿಮ್ಮ ಉಳಿತಾಯ ಸುರಿಯಬೇಡಿ. ನವೀಕರಣಕ್ಕೂ ಹಣ ಎತ್ತಿಡಿ: 20 ವರ್ಷ ದಾಟಿದ ಕಾರಿಗೆ ಶುಲ್ಕವೇ 10,000 ರೂಪಾಯಿ, ಹಸಿರು ತೆರಿಗೆ ಬೇರೆ.

ಆಮೇಲೆ ಹೊಗೆ. ನೀವು ಬಣ್ಣ ಬರೆದಿಲ್ಲ, ಮೆಕ್ಯಾನಿಕ್ಕೂ ನೋಡಿದಂತಿಲ್ಲ. ಕಪ್ಪಗಿದ್ದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ನಾಲ್ಕು ವರ್ಷ ನಿಂತ ಕಾರಿನ ಕಾರ್ಬ್ಯುರೇಟರಿನಲ್ಲಿ ಹಳೇ ಪೆಟ್ರೋಲು ಗೋಂದಾಗಿ ಜೆಟ್ಟು, ಫ್ಲೋಟು ಹಿಡಿದಿರುವುದು ಸಾಮಾನ್ಯ, ಪಿಕಪ್ ಇಲ್ಲದಿರುವುದಕ್ಕೂ ಅದೇ ಕಾರಣವಾಗಿರಬಹುದು. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದು ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ. ಅದರಲ್ಲೂ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಮೋಡ ಬಂದು ನಿಂತರೆ ವಾಲ್ವ್ ಸೀಲು ಒಣಗಿದೆ ಎಂದರ್ಥ, ಅದು ಸಣ್ಣ ಕೆಲಸ. ಆಕ್ಸಲರೇಟರ್ ಒತ್ತಿದಾಗಲೆಲ್ಲ ಎಡೆಬಿಡದೆ ಬಂದರೆ ಮಾತ್ರ ರಿಂಗು, ಬೋರಿನ ಮಾತು. ಕಾರ್ಬ್ಯುರೇಟರ್ ಕೆಟ್ಟದ್ದಕ್ಕೆ ಎಂಜಿನ್ನನ್ನೇ ಕಿತ್ತೆಸೆಯುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ರಿಂಗೇ ಹೋಗಿದ್ದರೂ ಎದೆಗುಂದಬೇಡಿ. ಇದೇ 1817 ಸಿ.ಸಿ. ಇಸುಜು ಎಂಜಿನ್ 1990ರ ದಶಕದಿಂದ ಅಂಬಾಸಿಡರ್ 1800 ಐಎಸ್‌ಝೆಡ್‌ನಲ್ಲೂ ಬಂತು, 2014ರಲ್ಲಿ ಉತ್ತರಪಾಡಾ ಕಾರ್ಖಾನೆ ಬಾಗಿಲು ಹಾಕುವವರೆಗೂ. ಸರ್ಕಾರಿ ಕಚೇರಿ, ಟ್ಯಾಕ್ಸಿ, ಎಲ್ಲ ಕಡೆ ಓಡಿದ ಎಂಜಿನ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾಂಟೆಸಾ ಬಿಡಿಭಾಗ ಎಂದು ಕೇಳಿದರೆ ತಲೆ ಅಲ್ಲಾಡಿಸುವ ಅಂಗಡಿಯವರಲ್ಲಿ ಅಂಬಾಸಿಡರ್ ಇಸುಜು ಪಿಸ್ಟನ್, ರಿಂಗು, ಗ್ಯಾಸ್ಕೆಟ್ ಎಂದು ಕೇಳಿ ನೋಡಿ. ಬೋರ್ ಮಾಡಿಸಿ, ಕ್ರ್ಯಾಂಕ್ ಅಳೆಸಿ, ಹೆಡ್ ಫೇಸಿಂಗ್ ಮಾಡಿಸಿದರೆ ನಿಮ್ಮ ಮೂರು ಲಕ್ಷದಲ್ಲಿ ಗಣನೀಯ ಭಾಗ ಉಳಿಯಬೇಕು. ಬ್ಲಾಕ್ ಒಡೆದಿದ್ದು ಬೇರೆ ದಾರಿಯೇ ಇಲ್ಲವೆಂದಾದರೆ, ದಾಖಲೆ ಸಮೇತ ಸಿಗುವ ಇದೇ ಇಸುಜು ಎಂಜಿನ್ ಹುಡುಕಿ. ಅದಕ್ಕೂ ಆರ್‌ಟಿಒ ಅನುಮತಿ ಮೊದಲು, ಸ್ಪ್ಯಾನರ್ ಆಮೇಲೆ. ಜೊತೆಗೆ ಪೆಟ್ರೋಲಿನ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿ. ಈಗ ಬಂಕಿನಲ್ಲಿ ಸಿಗುವ ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ 1995ರ ರಬ್ಬರು ತಾಳುವುದಿಲ್ಲ. ಸೋರಿದರೆ ಬಿಸಿ ಎಂಜಿನ್ ಮೇಲೆ ಬೀಳುತ್ತದೆ.

ಮನೆಯವರ ಮಾತಿಗೂ ಬೆಲೆ ಕೊಡಿ. ದಿನಾ ಬಿಡದಿಗೆ ಓಡಾಡಲು ಮೂವತ್ತು ವರ್ಷದ ಕಾರು ತಕ್ಕದ್ದಲ್ಲ. ಹೆಂಡತಿ ಹೇಳುವುದರಲ್ಲಿ ನ್ಯಾಯವಿದೆ. ಕಾಂಟೆಸಾದ ಖರ್ಚಿಗೆ ಇಬ್ಬರೂ ಕೂತು ಒಂದು ಮಿತಿ ಹಾಕಿಕೊಳ್ಳಿ, ಉಳಿದದ್ದು ಸ್ವಿಫ್ಟಿನ ಮುಂಗಡಕ್ಕೆ ಹೋಗಲಿ. ಅಪ್ಪನಿಗೆ ಒಂದೇ ಕೇಳಿ: ತಮ್ಮನ ಕಾರನ್ನು ಕೆ.ಜಿ. ಲೆಕ್ಕದಲ್ಲಿ ತೂಗಿಸಲು ಅವರಿಗೆ ನಿಜವಾಗಿ ಮನಸ್ಸಿದೆಯೇ, ಇಲ್ಲ ಮಗ ಸಾಲ ಮಾಡಿಕೊಳ್ಳುತ್ತಾನೆಂಬ ಹೆದರಿಕೆಯೇ? ಎರಡನೆಯದೇ ಇರಬೇಕೆಂದು ನನ್ನ ಊಹೆ.

ಈ ವಾರ ನಿಮಗೆ ಒಂದೇ ಕೆಲಸ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಲರೇಟರ್ ಪೂರ್ತಿ ಒತ್ತಿಹಿಡಿದು ಕಂಪ್ರೆಶನ್ ಟೆಸ್ಟ್ ಮಾಡಿಸಿ. ಯಾವ ಸಿಲಿಂಡರಿನ ಅಂಕಿ ಕಡಿಮೆ ಬಂತೋ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಲಿ: ಅಂಕಿ ಏರಿದರೆ ರಿಂಗು, ಏರದಿದ್ದರೆ ವಾಲ್ವು. ನಾಲ್ಕರ ಅಂಕಿಯನ್ನೂ ಹೊಗೆಯ ಬಣ್ಣವನ್ನೂ ಬರೆದು ಕಳಿಸಿ. ಅದು ನನ್ನ ಕೈ ಸೇರುವವರೆಗೆ ಎಂಜಿನ್ ಇಳಿಸಲು ಯಾರಿಗೂ ಬಿಡಬೇಡಿ, ಯಾರಿಗೂ ಅಡ್ವಾನ್ಸ್ ಕೊಡಬೇಡಿ.